ಮಗಳಿಗೊಂದು ಪತ್ರ: ಫ್ಯಾನಿನ ಸದ್ದು, ಟಯರಿನ ಸದ್ದು

ಪ್ರೀತಿಯ ಮಗಳೇ,

ಕಾರು ನಿಲ್ಲಿಸಿ ಕೀ ತೆಗೆದ ಮೇಲೂ ಬಾನೆಟ್ ಒಳಗೆ ಬುಸ್ಸೆನ್ನುವ ಸದ್ದು ಏನೆಂದು ಕೇಳಿದ್ದೆಯಲ್ಲ, ಅದು ರೇಡಿಯೇಟರ್ ಫ್ಯಾನ್. ಹೆದರಬೇಡ. ಎಂಜಿನ್ ತಣಿಸುವ ದ್ರವ, ಅಂದರೆ ಕೂಲಂಟ್, ಸುಮಾರು 95ರಿಂದ 100 ಡಿಗ್ರಿ ಮುಟ್ಟಿದಾಗ ತಾನಾಗಿ ತಿರುಗುತ್ತದೆ, ಎಸಿ ಹಾಕಿದರೆ ಅದಕ್ಕೂ ಮೊದಲೇ. ಮಂಗಳೂರಿನ ಪಂಪ್‌ವೆಲ್‌ನ ಟ್ರಾಫಿಕ್ಕಿನಲ್ಲಿ ಎದುರುಗಾಳಿ ಇರುವುದಿಲ್ಲ, ಎಂಜಿನ್ ತಣಿಯಲು ಫ್ಯಾನೇ ಗತಿ. ಕೆಲವು ಕಾರುಗಳಲ್ಲಿ ಎಂಜಿನ್ ಆಫ್ ಆದ ಮೇಲೂ ತಿರುಗುತ್ತದೆ. ಆದ್ದರಿಂದ ಬಾನೆಟ್ ತೆರೆದಾಗ ಕೈಯನ್ನಾಗಲಿ ಶಾಲನ್ನಾಗಲಿ ಅದರ ಹತ್ತಿರ ಒಯ್ಯಬೇಡ.

ಸದ್ದು ಬದಲಾದರೆ ಗಮನಿಸು. ಟಕಟಕ ಅಂದರೆ ಕಡ್ಡಿಯೋ ಮುರಿದ ರೆಕ್ಕೆಯೋ ತಾಗುತ್ತಿದೆ. ಗರಗರ ಅಂದರೆ ಮೋಟಾರಿನ ಬೇರಿಂಗ್ ಸವೆದಿದೆ. ಎಸಿ ಹಾಕದೆ, ತಣ್ಣಗಿನ ಎಂಜಿನ್ನಿನಲ್ಲೂ ಜೋರಾಗಿ ಓಡಿದರೆ ಟೆಂಪರೇಚರ್ ಸೆನ್ಸರ್ ಅಥವಾ ರಿಲೇ (ಫ್ಯಾನಿಗೆ ಕರೆಂಟ್ ಬಿಡುವ ಸ್ವಿಚ್ಚು) ನೋಡಿಸು. ಎಲ್ಲಕ್ಕಿಂತ ಕೆಟ್ಟದ್ದು ಸದ್ದೇ ಇಲ್ಲದಿರುವುದು. ಟೆಂಪರೇಚರ್ ಮುಳ್ಳು ಮೇಲೇರುತ್ತಿದ್ದು ಫ್ಯಾನ್ ತಿರುಗದಿದ್ದರೆ ಎಸಿ ಆರಿಸಿ, ಬದಿಗೆ ತಂದು ಎಂಜಿನ್ ಆಫ್ ಮಾಡು. ಪೂರ್ತಿ ತಣಿಯುವವರೆಗೆ ರೇಡಿಯೇಟರ್ ಮುಚ್ಚಳ ಮುಟ್ಟಬೇಡ, ಕುದಿನೀರು ಮುಖಕ್ಕೆ ಚಿಮ್ಮುತ್ತದೆ. ನಮ್ಮ ಕಡಲಗಾಳಿಯ ಉಪ್ಪಿಗೆ ವಯರಿನ ಕನೆಕ್ಟರ್ ಕಿಲುಬು ಹಿಡಿಯುತ್ತದೆ. ಸರ್ವಿಸಿನಲ್ಲಿ ಅದನ್ನು ಬಿಚ್ಚಿ ನೋಡಲು ಹೇಳು.

ಫ್ಯಾನ್ ಯೋಚಿಸಲು ಸಮಯ ಕೊಡುತ್ತದೆ. ಟಯರ್ ಒಡೆದರೆ ಆ ಸಮಯ ಇಲ್ಲ, ಏನು ಮಾಡಬೇಕೆಂದು ಈಗಲೇ ಗೊತ್ತಿರಬೇಕು.

ಢಬ್ ಎಂದ ಕೂಡಲೇ ಕಾಲು ಬ್ರೇಕಿಗೆ ಹೋಗುತ್ತದೆ. ತಡೆದುಕೋ ಮಗಾ. ಬ್ರೇಕ್ ಒತ್ತಿದರೆ ಭಾರ ಮುಂದಕ್ಕೆ ಬೀಳುತ್ತದೆ, ಒಡೆದ ಟಯರಿಗೆ ಹಿಡಿತವಿಲ್ಲ, ಕಾರು ಗಿರಕಿ ಹೊಡೆಯುತ್ತದೆ. ಎರಡೂ ಕೈಯಲ್ಲಿ ಸ್ಟೇರಿಂಗ್ ಬಿಗಿಯಾಗಿ ಹಿಡಿ. ಮುಂದಿನ ಟಯರ್ ಒಡೆದರೆ ಕಾರು ಆ ಬದಿಗೆ ಎಳೆಯುತ್ತದೆ, ಹಿಂದಿನದ್ದಾದರೆ ಬಾಲ ಅಲ್ಲಾಡುತ್ತದೆ. ಎಳೆತಕ್ಕೆ ಬೇಕಾದಷ್ಟೇ ತಿರುಗಿಸಿ ನೇರ ಇಡು, ಒಮ್ಮೆಲೇ ತಿರುಗಿಸಬೇಡ. ಆಕ್ಸಿಲರೇಟರಿನಿಂದ ಕಾಲನ್ನು ಮೆಲ್ಲಮೆಲ್ಲನೆ ತೆಗೆ. ವೇಗ 30ರ ಆಸುಪಾಸಿಗೆ ಇಳಿದ ಮೇಲೆ ಇಂಡಿಕೇಟರ್ ಹಾಕಿ ಎಡಬದಿಗೆ ಸರಿ, ಆಗ ಮಾತ್ರ ಬ್ರೇಕ್ ಹಗುರಾಗಿ. ರಿಮ್ ಹಾಳಾದರೆ ಆಗಲಿ, ಸುರಕ್ಷಿತ ಜಾಗದವರೆಗೆ ನಿಧಾನಕ್ಕೆ ಹೋಗು.

ಹೆದ್ದಾರಿ 66ರಲ್ಲಿ ಪಡುಬಿದ್ರಿ, ಕಾಪು ಕಡೆ ಲಾರಿಗಳು ಪಕ್ಕದಲ್ಲೇ ಹಾಯುತ್ತವೆ. ಹಜಾರ್ಡ್ ಲೈಟ್ ಹಾಕಿ ಎಡಬಾಗಿಲಿಂದ ಇಳಿ. ತ್ರಿಕೋನ ಫಲಕವನ್ನು ಕನಿಷ್ಠ 50 ಮೀಟರ್ ಹಿಂದೆ ಇಟ್ಟು ರಸ್ತೆಯಿಂದ ದೂರ ನಿಲ್ಲು. ಜಾಗ ಸರಿಯಿಲ್ಲ ಅನಿಸಿದರೆ ಟಯರ್ ಬದಲಿಸಲು ಹೋಗಬೇಡ, ಹೆದ್ದಾರಿ ಸಹಾಯವಾಣಿ 1033ಕ್ಕೆ ಫೋನ್ ಮಾಡು. ಬದಲಿಸುವುದಾದರೆ ಹ್ಯಾಂಡ್‌ಬ್ರೇಕ್ ಎಳೆದು, ಚಕ್ರ ನೆಲದಲ್ಲಿರುವಾಗಲೇ ನಟ್ ಅರ್ಧ ಸುತ್ತು ಸಡಿಲಿಸಿ, ಆಮೇಲೆ ಜಾಕ್ ಏರಿಸು. ಮಳೆಗಾಲದ ಕೆಂಪು ಮಣ್ಣಿನಲ್ಲಿ ಜಾಕ್ ಹೂತುಹೋಗುತ್ತದೆ, ಡಿಕ್ಕಿಯಲ್ಲಿ ಒಂದು ದಪ್ಪ ಹಲಗೆ ಇರಲಿ.

ಟಯರ್ ಒಡೆಯುವುದು ಹೆಚ್ಚಾಗಿ ಗಾಳಿ ಕಡಿಮೆಯಾಗಿ. ಬದಿಗೋಡೆ ಮಡಚಿ ಮಡಚಿ ಬಿಸಿಯೇರಿ ಒಳಗಿನ ಎಳೆಗಳು ಬಿಡುತ್ತವೆ. ಡ್ರೈವರ್ ಬಾಗಿಲ ಚೌಕಟ್ಟಿನ ಸ್ಟಿಕ್ಕರಿನಲ್ಲಿ ಬರೆದಷ್ಟು ಗಾಳಿ, ಟಯರ್ ತಣ್ಣಗಿರುವಾಗ, ಹದಿನೈದು ದಿನಕ್ಕೊಮ್ಮೆ ನೋಡಿಸು. ಬದಿಯಲ್ಲಿ ಉಬ್ಬು ಕಂಡರೆ ಅಂದೇ ಬದಲಿಸು. ಟಯರಿನ ವಯಸ್ಸು ತಿಳಿಸುವ ನಾಲ್ಕು ಅಂಕಿಯೂ ಅಲ್ಲೇ ಇರುತ್ತದೆ: 2319 ಅಂದರೆ 2019ರ 23ನೇ ವಾರ ತಯಾರಾದದ್ದು. ಸ್ಟೆಪ್ನಿಯದ್ದನ್ನೂ ಓದು, ಅದರ ಗಾಳಿಯನ್ನೂ ನೋಡಿಸು.

ಅಪ್ಪ