ರೂಪಾಯಿ ಇಳಿದರೆ ರಫ್ತಿಗೆ ಸುಗ್ಗಿಯೇ?

ಮಾನ್ಯ ಸಂಪಾದಕರೇ,

ರೂಪಾಯಿ ಕುಸಿದಾಗಲೆಲ್ಲ ‘ರಫ್ತುದಾರರಿಗೆ ಸುಗ್ಗಿ’ ಎಂಬ ಮಾತು ಪತ್ರಿಕೆಗಳಲ್ಲಿ ಬರುತ್ತದೆ. ಪುಣೆಯ ಚಾಕಣ, ಭೋಸರಿಯ ಬಿಡಿಭಾಗದ ಕಾರ್ಖಾನೆಗಳಲ್ಲಿ ಬೆಳಗಾವಿ, ವಿಜಯಪುರ, ಕಲಬುರಗಿ ಕಡೆಯ ಕನ್ನಡಿಗರು ಬಹಳಷ್ಟಿದ್ದಾರೆ. ಅಲ್ಲಿನ ಲೆಕ್ಕದ ಪುಸ್ತಕ ಬೇರೆಯೇ ಹೇಳುತ್ತದೆ.

1000 ರೂಪಾಯಿಯ ಒಂದು ವೈರಿಂಗ್ ಹಾರ್ನೆಸ್ (ವಾಹನದೊಳಗಿನ ವಿದ್ಯುತ್ ತಂತಿಗಳ ಕಟ್ಟು) ರಫ್ತಾಗುತ್ತದೆ ಎನ್ನಿ. ಅದರಲ್ಲಿ ಹೊರದೇಶದ ಕನೆಕ್ಟರ್, ಟರ್ಮಿನಲ್ ಇತ್ಯಾದಿ 450 ರೂಪಾಯಿಯದು. ಡಾಲರಿಗೆ 80 ರೂಪಾಯಿ ಇದ್ದಾಗ ಹಾರ್ನೆಸ್ಸಿಗೆ 12.50 ಡಾಲರ್. ಡಾಲರ್ 88ಕ್ಕೇರಿದರೆ 11.36ಕ್ಕೆ, ಅಂದರೆ ಶೇ 9ರಷ್ಟು ಅಗ್ಗವಾಗಬೇಕು. ಆದರೆ ಹೊರಗಿನ ಮಾಲು ಈಗ 495 ಆಗಿ, ಒಟ್ಟು 1045ಕ್ಕೆ ಮುಟ್ಟಿದೆ, ಡಾಲರಿನಲ್ಲಿ 11.88. ಅಗ್ಗವಾದದ್ದು ಶೇ 5 ಮಾತ್ರ. (ಖರೀದಿದಾರ ಮಾತ್ರ ಪತ್ರಿಕೆ ಓದಿಕೊಂಡು ಶೇ 9 ಇಳಿಸಿ ಎಂದು ಪಟ್ಟು ಹಿಡಿಯುತ್ತಾನೆ.)

ಆ 450 ಕೂಡ ಪೂರ್ತಿ ಲೆಕ್ಕವಲ್ಲ. ತಾಮ್ರದ ತಂತಿಯನ್ನು ಸ್ಥಳೀಯ ಡೀಲರ್ ರೂಪಾಯಿ ಬಿಲ್ಲಿನಲ್ಲೇ ಕೊಡುತ್ತಾನೆ, ಆದರೆ ತಾಮ್ರದ ದರ ನಡೆಯುವುದು ಲಂಡನ್ ಲೋಹ ವಿನಿಮಯ ಕೇಂದ್ರದ ಡಾಲರ್ ದರದ ಹಿಂದೆ. ಆದ್ದರಿಂದ ಸಾಮಗ್ರಿ ಪಟ್ಟಿಯ ಪ್ರತಿ ಸಾಲಿಗೂ ಎರಡು ಪ್ರಶ್ನೆ ಕೇಳಬೇಕು: ಮಾಲು ಎಲ್ಲಿಂದ ಬಂತು, ಅದರ ಬೆಲೆ ಯಾವ ಕರೆನ್ಸಿಯಲ್ಲಿ ನಿಗದಿಯಾಗುತ್ತದೆ?

ದೇಶದ ಮಟ್ಟದಲ್ಲಿ ಇದೇ ಕೆಲಸವನ್ನು ಮುಂದುವರಿದ ದೇಶಗಳೇ ಹೆಚ್ಚಾಗಿರುವ ಆರ್ಥಿಕ ಸಹಕಾರ ಸಂಘಟನೆ ಒಇಸಿಡಿಯ ಅಂತರದೇಶೀಯ ಹೂಡುವಳಿ–ಹುಟ್ಟುವಳಿ ಕೋಷ್ಟಕಗಳು (ಯಾವ ದೇಶದ ಯಾವ ಉದ್ಯಮ ಯಾರಿಂದ ಎಷ್ಟು ಕೊಂಡಿತೆಂಬ ಪಟ್ಟಿ) ಮಾಡುತ್ತವೆ: ಪೂರೈಕೆದಾರನಿಗೆ ಪೂರೈಸಿದವನು, ಅವನಿಗೆ ಪೂರೈಸಿದವನು ಹೀಗೆ ಹಿಂದೆ ಹಿಂದಕ್ಕೆ ಹೋಗಿ ಮೌಲ್ಯ ಎಲ್ಲಿ ಸೇರಿತೆಂದು ಹುಡುಕುತ್ತವೆ. ತೊಡಕೂ ಇದೆ. ಕಾರು, ಕಾರಿನ ಬಿಡಿಭಾಗ ಎರಡೂ ಒಂದೇ ಸಾಲಿನಲ್ಲಿವೆ. ರಫ್ತಿನ ಮಾಲಿಗೂ ದೇಶೀ ಮಾಲಿಗೂ ಒಂದೇ ಪಾಕ, ಅಂದರೆ ಎರಡರಲ್ಲೂ ಆಮದು ಸಾಮಗ್ರಿಯ ಪಾಲು ಒಂದೇ, ಎಂದು ಭಾವಿಸಲಾಗುತ್ತದೆ. ಚೀನಾ, ಮೆಕ್ಸಿಕೊಗಳಲ್ಲಿ ರಫ್ತಿನ ತಯಾರಿಕೆಯನ್ನು ಬೇರೆಯಾಗಿ ಬಿಡಿಸಿ ತೋರಿಸಿದ್ದಾರೆ, ಭಾರತದಲ್ಲಲ್ಲ. ಈ ಅಳತೆ ಏಕೆ ಬೇಕೆಂಬುದಕ್ಕೆ 2009ರ ಐಫೋನ್ ಸಾಕು: ತಯಾರಿಕಾ ವೆಚ್ಚ 178.96 ಡಾಲರ್, ಅದರಲ್ಲಿ ಚೀನಾದ ಜೋಡಣೆಗೆ ಸಿಕ್ಕಿದ್ದು 6.50.

ಕೂಲಿಯ ವಿಷಯದಲ್ಲೂ ಇದೇ ಎಡವಟ್ಟು. ದಿನಗೂಲಿ ಕಡಿಮೆ ಎಂದರೆ ಅಗ್ಗವೆಂದಲ್ಲ. ಪಿಎಫ್, ಇಎಸ್‌ಐ, ಬೋನಸ್ ಎಲ್ಲ ಸೇರಿ ಒಬ್ಬ ಕೆಲಸಗಾರನಿಗೆ ದಿನಕ್ಕೆ 900 ರೂಪಾಯಿ, ಅವನು ಮಾಡುವುದು 60 ನಗ (ಪೀಸ್) ಎಂದಾದರೆ ನಗಕ್ಕೆ 15. ಅದರಲ್ಲಿ 10 ರಿಜೆಕ್ಟ್ ಆದರೆ ಉಳಿದದ್ದು 50, ನಗಕ್ಕೆ 18. ದಿನಕ್ಕೆ 2400 ಕೊಟ್ಟು 200 ಒಳ್ಳೆಯ ನಗ ತೆಗೆಯುವ ಹೊರದೇಶದ ಕಾರ್ಖಾನೆಗೆ ಬೀಳುವುದು 12. ಹೋಲಿಸಬೇಕಾದದ್ದು ಈ ಘಟಕ ಕಾರ್ಮಿಕ ವೆಚ್ಚವನ್ನು, ಅದೂ ಅದೇ ಹಂತದ ಕೆಲಸಕ್ಕೆ: ಇಲ್ಲಿನ ಜೋಡಣೆಯನ್ನು ಅಲ್ಲಿನ ಜೋಡಣೆಗೆ, ಇಲ್ಲಿನ ಎರಕವನ್ನು ಅಲ್ಲಿನ ಎರಕಕ್ಕೆ.

ಪೈಪೋಟಿಯ ಅಳತೆಗೋಲು ಎಂದು ಎಲ್ಲರೂ ತೋರಿಸುವುದು ರಿಸರ್ವ್ ಬ್ಯಾಂಕಿನ 40 ಕರೆನ್ಸಿಗಳ ನೈಜ ಪರಿಣಾಮಕಾರಿ ವಿನಿಮಯ ದರ ಸೂಚ್ಯಂಕವನ್ನು, ಅಂದರೆ ಬೆಲೆಯೇರಿಕೆಯ ವ್ಯತ್ಯಾಸವನ್ನೂ ಸೇರಿಸಿ ಆ ಕರೆನ್ಸಿಗಳ ಎದುರು ರೂಪಾಯಿಯ ಸರಾಸರಿ ಬೆಲೆಯನ್ನು. ಅದು ಇಡೀ ದೇಶಕ್ಕೆ ಒಂದೇ ಅಂಕಿ, ಅದರ ಬೆಲೆಯ ಭಾಗ ನಿಂತಿರುವುದು ಗ್ರಾಹಕ ಬೆಲೆ ಸೂಚ್ಯಂಕದ ಮೇಲೆ. 2012 ಆಧಾರವರ್ಷದ ಗ್ರಾಹಕ ಬೆಲೆ ಸರಣಿಯಲ್ಲಿ ಆಹಾರ, ಪಾನೀಯಗಳ ತೂಕವೇ ಶೇ 45.86 ಇತ್ತು. ಚಾಕಣದ ಮಾರುಕಟ್ಟೆಯಲ್ಲಿ ಈರುಳ್ಳಿ ಏರಿದರೆ, ಅದೇ ಚಾಕಣದ ಗೇರ್ ಕೂಡ ತುಟ್ಟಿಯಾಯಿತೆಂದು ಅದು ತೋರಿಸುತ್ತದೆ!

ರೂಪಾಯಿ ಬಗ್ಗೆ ಮುಂದೆ ಬರೆಯುವಾಗ ಆ ಉದ್ಯಮದ ಆಮದು ಪಾಲು, ನಗಕ್ಕೆ ಬೀಳುವ ಕೂಲಿ ಎರಡನ್ನೂ ಪಕ್ಕದಲ್ಲೇ ಅಚ್ಚು ಹಾಕಿ.

– ಕಾಸ್ಟ್ ಅಕೌಂಟೆಂಟ್ ಓದುಗರು, ಭೋಸರಿ, ಪುಣೆ