ನಾಯಿಮರಿಯ ಬಾಯಲ್ಲಿ ಉಣ್ಣೆಯ ಎಳೆ: ಒಂದು ಚಿತ್ರದ ಬಗ್ಗೆ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ಪುರವಣಿಯಲ್ಲಿ ಉಣ್ಣೆಯ ಹೆಣಿಗೆಯ ಕುರಿತು ಪ್ರಕಟವಾದ ಬರಹವನ್ನು ಬಹಳ ಸಂತೋಷದಿಂದ ಓದಿದೆ. 25 ವರ್ಷಗಳಿಂದ ಹೆಣೆಯುತ್ತ ಬಂದಿರುವ ನನಗೆ, ಪತ್ರಿಕೆಯೊಂದು ಈ ಕೆಲಸಕ್ಕೆ ಅರ್ಧ ಪುಟವನ್ನು ಮೀಸಲಿಟ್ಟಿದ್ದೇ ದೊಡ್ಡ ವಿಷಯವೆನಿಸಿತು. ಆದರೆ ಬರಹದ ಜೊತೆಗೆ ಅಚ್ಚಾಗಿದ್ದ ಚಿತ್ರವನ್ನು ಕಂಡೊಡನೆ ಎದೆ ಝಲ್ಲೆಂದಿತು. ಎರಡು ಮೂರು ತಿಂಗಳ ನಾಯಿಮರಿಯೊಂದು ಬಿಚ್ಚಿಹೋದ ಉಣ್ಣೆಯ ಉಂಡೆಯ ನಡುವೆ ಮಲಗಿ, ಎಳೆಯೊಂದನ್ನು ಬಾಯಲ್ಲಿ ಕಚ್ಚಿಕೊಂಡು ನಮ್ಮತ್ತ ನೋಡುತ್ತಿರುವ ಚಿತ್ರವದು. ಮುದ್ದಾಗಿದೆ ಎಂಬುದರಲ್ಲಿ ಎರಡು ಮಾತಿಲ್ಲ. ಕ್ಯಾಲೆಂಡರುಗಳಲ್ಲಿ, ಶುಭಾಶಯ ಪತ್ರಗಳಲ್ಲಿ, ಮಕ್ಕಳ ಪುಸ್ತಕಗಳಲ್ಲಿ ಇಂಥ ಚಿತ್ರವನ್ನು ನಾವೆಲ್ಲ ಎಷ್ಟೋ ಸಲ ನೋಡಿ ನಕ್ಕಿದ್ದೇವೆ. ಇನ್ನು ಮುಂದೆ ಇದನ್ನು ದಯವಿಟ್ಟು ಪ್ರಕಟಿಸಬೇಡಿ ಎಂದು ಕೇಳಿಕೊಳ್ಳುವುದಕ್ಕಾಗಿಯೇ ಈ ಪತ್ರವನ್ನು ಬರೆಯುತ್ತಿದ್ದೇನೆ. ಕಾರಣವನ್ನು ಸ್ವಲ್ಪ ವಿವರವಾಗಿ ಹೇಳಲು ಅವಕಾಶ ಕೊಡಿ.

ನಮ್ಮ ಮನೆಗೆ ಮರಿ ಬಂದಾಗ ಅದಕ್ಕೆ ಎಂಟು ವಾರ. ಮೊದಲ ತಿಂಗಳು ಎಲ್ಲವೂ ಸುಗಮವಾಗಿತ್ತು. ಹಗಲಿನ ಬಹುಪಾಲು ಹೊತ್ತು ಅದು ನಿದ್ದೆಯಲ್ಲಿರುತ್ತಿತ್ತು. ಆ ವಯಸ್ಸಿನ ಮರಿಗಳು ದಿನಕ್ಕೆ 18ರಿಂದ 20 ಗಂಟೆ ಮಲಗುತ್ತವೆ. ನಾನು ಪಕ್ಕದಲ್ಲಿ ಕುಳಿತು ಹೆಣೆಯುತ್ತಿದ್ದೆ. ಕಡ್ಡಿಗಳ ಟಿಕ್ ಟಿಕ್ ಸದ್ದಿಗೆ ಅದು ಎಷ್ಟು ಒಗ್ಗಿಹೋಗಿತ್ತೆಂದರೆ, ನಾನು ಕೈ ನಿಲ್ಲಿಸಿದರೆ ತಲೆಯೆತ್ತಿ ನೋಡುತ್ತಿತ್ತು. ನಾಲ್ಕನೆಯ ತಿಂಗಳಿಗೆ ಕಾಲಿಟ್ಟಾಗ ಹಾಲುಹಲ್ಲುಗಳು ಒಂದೊಂದಾಗಿ ಉದುರತೊಡಗಿದವು. ನಾಯಿಮರಿಗೆ ಹಾಲುಹಲ್ಲುಗಳು 28. ಅವು ಉದುರಿ 42 ಕಾಯಂ ಹಲ್ಲುಗಳು ಬಂದು ಮುಗಿಯುವುದಕ್ಕೆ ಆರೇಳು ತಿಂಗಳ ವಯಸ್ಸಾಗಬೇಕು. ಅಲ್ಲಿಯವರೆಗೂ ವಸಡಿನ ನವೆ ತಾಳಲಾರದೆ ಮರಿ ಸಿಕ್ಕಿದ್ದನ್ನೆಲ್ಲ ಕಡಿಯುತ್ತದೆ. ಚಪ್ಪಲಿ, ಕುರ್ಚಿಯ ಕಾಲು, ಪುಸ್ತಕದ ಮೂಲೆ, ಯಾವುದಕ್ಕೂ ವಿನಾಯಿತಿ ಇಲ್ಲ. ಇವೆಲ್ಲವನ್ನೂ ನಾನು ಎತ್ತಿಟ್ಟಿದ್ದೆ. ಉಣ್ಣೆಯನ್ನು ಮಾತ್ರ ಎತ್ತಿಡಲಿಲ್ಲ, ಏಕೆಂದರೆ ಮೆತ್ತಗಿರುವ ವಸ್ತುವಿನಿಂದ ಅಪಾಯ ಬರಬಹುದೆಂದು ನನಗೆ ಹೊಳೆದಿರಲೇ ಇಲ್ಲ.

ಒಂದು ಸಂಜೆ ಕಡುಹಸಿರು ಸ್ವೆಟರಿನ ತೋಳನ್ನು ಹೆಣೆಯುತ್ತಿದ್ದಾಗ ಬಾಗಿಲಿನ ಗಂಟೆ ಹೊಡೆಯಿತು. ಕೈಯಲ್ಲಿದ್ದುದನ್ನು ಕುರ್ಚಿಯ ಮೇಲಿಟ್ಟು ಎದ್ದುಹೋದೆ. ಹಿಂದಿರುಗಿದಾಗ ತೋಳು ನೆಲದ ಮೇಲೆ ಬಿದ್ದಿತ್ತು, ಕಡ್ಡಿಯಿಂದ ಜಾರಿದ ಕುಣಿಕೆಗಳು ಬಾಯ್ದೆರೆದುಕೊಂಡಿದ್ದವು, ನಾಲ್ಕೈದು ಸಾಲು ಬಿಚ್ಚಿಹೋಗಿತ್ತು. ಬಿಚ್ಚಿದ ನೂಲು ಎಲ್ಲಿ ಹೋಯಿತೆಂದು ನಾನು ಹುಡುಕಲಿಲ್ಲ. ಮರಿ ಬಾಲ ಆಡಿಸುತ್ತಿತ್ತು. ಕೆಲಸ ಹಾಳಾಯಿತಲ್ಲ ಎಂದು ಬೇಸರಿಸಿಕೊಂಡೆನೇ ಹೊರತು ನೂಲು ಮರಿಯ ಹೊಟ್ಟೆಯೊಳಗಿದೆ ಎಂಬ ಯೋಚನೆ ಬರಲಿಲ್ಲ. ಮರುದಿನ ಬೆಳಿಗ್ಗೆ ಅದು ಊಟ ಮುಟ್ಟಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಮೂರು ಸಲ ವಾಂತಿ ಮಾಡಿಕೊಂಡಿತು. ಎತ್ತಿಕೊಳ್ಳಹೋದರೆ ಬೆನ್ನನ್ನು ಬಿಲ್ಲಿನಂತೆ ಬಾಗಿಸಿ ನರಳಿತು.

ಪಶುವೈದ್ಯರು ಹೊಟ್ಟೆಯನ್ನು ಒತ್ತಿ ನೋಡಿ, ಮೊದಲು ಕೇಳಿದ ಪ್ರಶ್ನೆಯೇ ‘ಮನೆಯಲ್ಲಿ ದಾರ, ನೂಲು, ಲಾಡಿ ಏನಾದರೂ ಕಾಣೆಯಾಗಿದೆಯೇ?’ ಎಂದು. ಉಣ್ಣೆಯ ನೂಲು ಎಕ್ಸ್‌ರೇಯಲ್ಲಿ ಕಾಣುವುದಿಲ್ಲವಂತೆ. ಆದರೆ ಅದು ಕರುಳಿಗೆ ಮಾಡಿದ ಅನಾಹುತ ಕಾಣುತ್ತದೆ. ಅವರು ವಿವರಿಸಿದ್ದನ್ನು ಹೆಣಿಗೆಯವರಿಗೆ, ಹೊಲಿಗೆಯವರಿಗೆ ತಕ್ಷಣ ತಿಳಿಯುವ ಮಾತಿನಲ್ಲಿ ಹೇಳುತ್ತೇನೆ. ಉದ್ದನೆಯ ನೂಲನ್ನು ನುಂಗಿದಾಗ ಅದರ ಒಂದು ತುದಿ ಎಲ್ಲೋ ಸಿಕ್ಕಿಕೊಳ್ಳುತ್ತದೆ, ನಾಯಿಗಳಲ್ಲಿ ಹೆಚ್ಚಾಗಿ ಜಠರದ ಹೊರದಾರಿಯಲ್ಲಿ. ಉಳಿದ ಉದ್ದವೆಲ್ಲ ಕರುಳಿನೊಳಕ್ಕೆ ಇಳಿಯುತ್ತದೆ. ಒಳಗೆ ಬಂದದ್ದನ್ನು ಮುಂದಕ್ಕೆ ತಳ್ಳುವುದು ಕರುಳಿನ ಧರ್ಮ. ತುದಿ ಬಿಗಿಯಾಗಿ ನಿಂತಿರುವುದರಿಂದ ನೂಲು ಮುಂದೆ ಸರಿಯದೆ, ಕರುಳೇ ನೂಲಿನ ಮೇಲೆ ಹತ್ತಿಕೊಂಡು ಬರುತ್ತದೆ. ಲಾಡಿಯನ್ನು ಎಳೆದಾಗ ಬಟ್ಟೆ ಹೇಗೆ ನೆರಿಗೆ ನೆರಿಗೆಯಾಗಿ ಮುದುಡುತ್ತದೆಯೋ ಹಾಗೆಯೇ ಕರುಳು ಮುದುಡುತ್ತದೆ. ಬಿಗಿಯಾದ ನೂಲು ಆ ನೆರಿಗೆಗಳ ಒಳಬದಿಯನ್ನು ಗರಗಸದಂತೆ ಕೊಯ್ಯತೊಡಗುತ್ತದೆ. ಕರುಳು ತೂತಾದರೆ ಹೊಟ್ಟೆಯೆಲ್ಲ ಸೋಂಕಾಗಿ ಪ್ರಾಣಕ್ಕೇ ಬರುತ್ತದೆ. ಗೋಲಿಯಂಥ ಗಟ್ಟಿ ವಸ್ತುವನ್ನು ನುಂಗುವುದಕ್ಕಿಂತ ಮೆತ್ತನೆಯ ನೂಲನ್ನು ನುಂಗುವುದು ಎಷ್ಟೋ ಸಲ ಹೆಚ್ಚು ಅಪಾಯಕಾರಿ ಎಂಬುದು ನನಗೆ ಅಂದು ತಿಳಿಯಿತು.

ಅಂದು ರಾತ್ರಿಯೇ ಶಸ್ತ್ರಚಿಕಿತ್ಸೆಯಾಯಿತು. ಮುಗಿದ ಮೇಲೆ ವೈದ್ಯರು ಸ್ಟೀಲ್ ಬಟ್ಟಲೊಂದನ್ನು ತಂದು ತೋರಿಸಿದರು. ಅದರಲ್ಲಿ ಸುಮಾರು ಒಂದು ಮಾರುದ್ದದ ಹಸಿರು ನೂಲಿತ್ತು. ಹೆಣೆದು ಬಿಚ್ಚಿದ ಉಣ್ಣೆಯಲ್ಲಿ ಕುಣಿಕೆಗಳ ನೆನಪು ಸಣ್ಣ ಸಣ್ಣ ಅಲೆಗಳಾಗಿ ಉಳಿದಿರುತ್ತದೆ. ಹೆಣೆಯುವವರೆಲ್ಲ ಅದನ್ನು ಬಲ್ಲರು. ಬಟ್ಟಲಿನಲ್ಲಿದ್ದ ನೂಲಿನ ಒಂದು ತುದಿಯಲ್ಲಿ ಆ ಅಲೆಗಳು ಹಾಗೆಯೇ ಇದ್ದವು. ಪ್ರತಿ ಅಲೆಯೂ ನನ್ನ ಕೈ ಹಾಕಿದ ಒಂದು ಕುಣಿಕೆ. ಆ ಬಟ್ಟಲನ್ನು ನಾನು ಈ ಜನ್ಮದಲ್ಲಿ ಮರೆಯಲಾರೆ.

ಮರಿ ಬದುಕಿತು. ಹೊಟ್ಟೆಯ ಹೊಲಿಗೆ ಬಿಚ್ಚುವವರೆಗೆ, ಎರಡು ವಾರ, ಕುತ್ತಿಗೆಗೆ ಲಾಳಿಕೆಯಂಥ ಪಟ್ಟಿ ಕಟ್ಟಿಕೊಂಡು ಗೋಡೆಗೆ ಬಾಗಿಲಿಗೆ ಡಿಕ್ಕಿ ಹೊಡೆಯುತ್ತ ತಿರುಗಿತು. ಆ ಎರಡು ವಾರ ನಾನು ಕಡ್ಡಿ ಮುಟ್ಟಲಿಲ್ಲ.

ಈ ಸುದ್ದಿ ಕೇಳಿದ ಬಂಧುಗಳೂ ಸ್ನೇಹಿತರೂ ಒಂದೇ ಮಾತು ಹೇಳಿದರು: ಎರಡರಲ್ಲಿ ಒಂದನ್ನು ಬಿಡು. ಮರಿ ಇರುವ ಮನೆಯಲ್ಲಿ ಹೆಣಿಗೆ ಬೇಡ, ಇಲ್ಲವೇ ಹೆಣಿಗೆ ಬೇಕಾದರೆ ಮರಿಯನ್ನು ಯಾರಿಗಾದರೂ ಕೊಟ್ಟುಬಿಡು. ಕಾಳಜಿಯಿಂದ ಹೇಳಿದ ಮಾತೇ ಆದರೂ ಇದನ್ನು ನಾನು ಒಪ್ಪುವುದಿಲ್ಲ. ನಾಯಿಗೂ ನೂಲಿಗೂ ಹಗೆತನವೇನಿಲ್ಲ. ಮರಿಯ ಪಕ್ಕದಲ್ಲಿ ನಿದ್ದೆಗೆಟ್ಟು ಕುಳಿತ ಆ ರಾತ್ರಿಗಳಲ್ಲಿ ಉತ್ತರ ಅಮೆರಿಕದ ಪಶ್ಚಿಮ ಕರಾವಳಿಯ ಸೇಲಿಶ್ ಜನಾಂಗದ ಬಗ್ಗೆ ಓದಿದೆ. ಅಲ್ಲಿನ ಹೆಂಗಸರು ದಟ್ಟ ರೋಮದ ನಾಯಿಗಳ ತಳಿಯೊಂದನ್ನು ಉಣ್ಣೆಗೆಂದೇ ಸಾಕಿ, ಕುರಿಯ ಉಣ್ಣೆಯಂತೆ ಅವುಗಳ ರೋಮ ಕತ್ತರಿಸಿ, ನೂತು, ಕಂಬಳಿ ನೇಯುತ್ತಿದ್ದರು. ಆ ತಳಿ ಈಗ ಅಳಿದುಹೋಗಿದೆ. 1859ರಲ್ಲಿ ಸತ್ತ ಮಟನ್ ಎಂಬ ಹೆಸರಿನ ಅಂಥದೊಂದು ನಾಯಿಯ ತುಪ್ಪಳ ಅಮೆರಿಕದ ಸ್ಮಿತ್ಸೋನಿಯನ್ ಸಂಸ್ಥೆಯಲ್ಲಿದ್ದು, ವಿಜ್ಞಾನಿಗಳು ಅದರ ಡಿಎನ್‌ಎಯನ್ನು ಪರಿಶೀಲಿಸಿ 2023ರಲ್ಲಿ ಅಧ್ಯಯನವನ್ನು ಪ್ರಕಟಿಸಿದ್ದಾರೆ. ನಾಯಿ, ನೂಲು, ಮನುಷ್ಯರ ಕೈ ಮೂರೂ ಒಂದೇ ಸೂರಿನಡಿ ತಲೆತಲಾಂತರದಿಂದ ಬಾಳಿದ್ದವು ಎಂದು ತಿಳಿದಾಗ ನನಗೆ ನಿಜಕ್ಕೂ ಧೈರ್ಯ ಬಂತು.

ಹಾಗಾಗಿ ಎರಡನ್ನೂ ಬಿಡದೆ, ನಾನು ನನ್ನ ಪದ್ಧತಿಯನ್ನು ಬದಲಿಸಿಕೊಂಡೆ. ಈಗ ಉಣ್ಣೆಯ ಉಂಡೆ ಮುಚ್ಚಳವಿರುವ ಡಬ್ಬಿಯಲ್ಲಿ ಕೂರುತ್ತದೆ. ಮುಚ್ಚಳದ ತೂತಿನಿಂದ ಒಂದೇ ಎಳೆ ಹೊರಬರುತ್ತದೆ. ಎದ್ದುಹೋಗುವುದು ಅರೆಕ್ಷಣಕ್ಕೇ ಆದರೂ ಹೆಣಿಗೆಯನ್ನು ಚೀಲಕ್ಕೆ ಹಾಕಿ, ಚೀಲವನ್ನು ಎತ್ತರದ ಗೂಟಕ್ಕೆ ಸಿಕ್ಕಿಸಿಯೇ ಏಳುತ್ತೇನೆ. ಕೊನೆಯ ಎಳೆಗಳನ್ನು ಹೆಣಿಗೆಯೊಳಗೆ ಸೇರಿಸಿ ಕತ್ತರಿಸಿದ ತುಣುಕುಗಳು ನೆಲಕ್ಕೆ ಬೀಳದಂತೆ ಒಂದು ಬಾಟಲಿಗೆ ಹೋಗುತ್ತವೆ. ಸಾಲಿನ ಲೆಕ್ಕಕ್ಕೆ ಹಾಕುವ ಪ್ಲಾಸ್ಟಿಕ್ ಉಂಗುರಗಳು, ದಪ್ಪ ಸೂಜಿ, ಕ್ರೋಶಾ ಕಡ್ಡಿ, ಇವನ್ನೆಲ್ಲ ಕೆಲಸ ಮುಗಿದ ಮೇಲೆ ಎಣಿಸಿ ಇಡುತ್ತೇನೆ. ಇದಕ್ಕೆಲ್ಲ ಹಿಡಿಯುವುದು ಎರಡು ನಿಮಿಷ.

ಮರಿಯ ಕಡೆಯಿಂದಲೂ ಸ್ವಲ್ಪ ಕಲಿಕೆ ಬೇಕಾಯಿತು. ಕಡಿಯಬಾರದ್ದನ್ನು ಕಡಿದಾಗ ಅರಚಿ ಬೆನ್ನಟ್ಟುವುದು ನಾವೆಲ್ಲ ಮಾಡುವ ತಪ್ಪು. ಬೆನ್ನಟ್ಟಿದರೆ ಮರಿ ಅದನ್ನು ಆಟವೆಂದುಕೊಳ್ಳುತ್ತದೆ, ಇಲ್ಲವೇ ಕಸಿದುಕೊಳ್ಳುತ್ತಾರೆಂಬ ಭಯಕ್ಕೆ ಗಬಕ್ಕನೆ ನುಂಗಿಬಿಡುತ್ತದೆ. ಅದಕ್ಕಿಂತ ಹೆಚ್ಚು ಇಷ್ಟವಾದ ತಿನಿಸನ್ನು ತೋರಿಸಿ ‘ಬಿಡು’ ಎನ್ನಬೇಕು. ಬಿಟ್ಟೊಡನೆ ತಿನಿಸು ಕೊಡಬೇಕು. ದಿನಕ್ಕೆ ಐದು ನಿಮಿಷದಂತೆ ಮೂರು ವಾರ ಇದನ್ನು ಆಟಿಕೆಗಳ ಮೇಲೆ ಅಭ್ಯಾಸ ಮಾಡಿಸಿದೆ. ವಸಡಿನ ನವೆಗೆಂದು ಗಟ್ಟಿ ರಬ್ಬರಿನ ಆಟಿಕೆಯನ್ನು ಫ್ರಿಜ್ಜಿನಲ್ಲಿ ತಣ್ಣಗೆ ಮಾಡಿ ಕೊಡುತ್ತೇನೆ. ನಾನು ಹೆಣಿಗೆಗೆ ಕುಳಿತಾಗ ಅದು ತನ್ನ ಚಾಪೆಯ ಮೇಲೆ ಮಲಗಿ ಅದನ್ನು ಕಡಿಯುತ್ತದೆ.

ದಿನಚರಿಯೂ ಹೊಂದಿಕೊಂಡಿದೆ. ಮರಿಗೆ ಎಷ್ಟು ತಿಂಗಳೋ ಅದಕ್ಕೆ ಒಂದನ್ನು ಕೂಡಿಸಿದರೆ ಅಷ್ಟು ಗಂಟೆ ಮಾತ್ರ ಅದು ಮೂತ್ರ ತಡೆದುಕೊಳ್ಳಬಲ್ಲದು ಎಂಬುದೊಂದು ಅಂದಾಜಿನ ಲೆಕ್ಕ. ಎಚ್ಚರವಾಗಿ ಆಡುತ್ತಿರುವಾಗ ಅಷ್ಟೂ ಸಾಧ್ಯವಿಲ್ಲ. ಮಲಗಿ ಎದ್ದ ಕೂಡಲೇ, ಊಟವಾದ ಕೂಡಲೇ, ಆಟ ಮುಗಿದ ಕೂಡಲೇ ಹೊರಗೆ ಕರೆದೊಯ್ಯಬೇಕು. ಆದ್ದರಿಂದ ಈ ತಿಂಗಳುಗಳಲ್ಲಿ ಸಾಲು ಸಾಲಿಗೂ ಎಣಿಕೆ ಬೇಡುವ ಬಳ್ಳಿ ವಿನ್ಯಾಸಗಳನ್ನೂ ಬಣ್ಣ ಬದಲಿಸುವ ಚಿತ್ರ ಹೆಣಿಗೆಯನ್ನೂ ಬದಿಗಿಟ್ಟಿದ್ದೇನೆ. ಎರಡೂ ಬದಿಗೆ ಒಂದೇ ಬಗೆಯ ಕುಣಿಕೆ ಹಾಕುವ ಸರಳ ಹೆಣಿಗೆಗೆ ಕಣ್ಣಿನ ಕಾವಲು ಬೇಕಿಲ್ಲ. ಬೆರಳುಗಳು ತಮ್ಮ ಪಾಡಿಗೆ ಕೆಲಸ ಮಾಡುತ್ತವೆ, ಕಣ್ಣು ಮರಿಯ ಮೇಲಿರುತ್ತದೆ. ಸಾಲಿನ ನಡುವೆ ಏಳಬೇಕಾಗಿ ಬಂದರೂ ಎಲ್ಲಿ ಬಿಟ್ಟೆ ಎಂದು ತಡಕಾಡಬೇಕಿಲ್ಲ. ಹೀಗೆ ಹೆಣೆದ ಕಂಬಳಿಯೊಂದು ಈಗ ಮೊಣಕಾಲು ಮುಚ್ಚುವಷ್ಟಾಗಿದೆ. ಒಬ್ಬರು ಗಂಟೆಗಟ್ಟಲೆ ಒಂದೆಡೆ ಶಾಂತವಾಗಿ ಕುಳಿತಿರುವುದನ್ನು ನೋಡುತ್ತ ನೋಡುತ್ತ ಮರಿಯೂ ಸುಮ್ಮನೆ ಮಲಗುವುದನ್ನು ಕಲಿತಿದೆ. ನಾಯಿಯನ್ನು ಸಾಕುವವರಿಗೆ ಹೆಣಿಗೆಗಿಂತ ಒಳ್ಳೆಯ ಹವ್ಯಾಸವಿಲ್ಲ ಎಂದೇ ನನ್ನ ನಂಬಿಕೆ.

ನಿಮ್ಮ ಪತ್ರಿಕೆಯ ಸಾಕುಪ್ರಾಣಿಗಳ ಅಂಕಣದಲ್ಲಿ ಲಸಿಕೆ, ಸ್ನಾನ, ಉಣ್ಣೆಯಂಗಿ ಇತ್ಯಾದಿಗಳ ಬಗ್ಗೆ ಆಗಾಗ ಬರುತ್ತದೆ. ನೂಲು ನುಂಗಿದಾಗ ಏನು ಮಾಡಬೇಕೆಂಬುದನ್ನು ನಾನು ಅಲ್ಲಿ ಇನ್ನೂ ಕಂಡಿಲ್ಲ. ಪಶುವೈದ್ಯರೊಬ್ಬರಿಂದ ಅದನ್ನು ಬರೆಸಬೇಕೆಂದು ಕೋರುತ್ತೇನೆ. ಅದರಲ್ಲಿ ಒಂದು ವಿಷಯವನ್ನು ದಪ್ಪಕ್ಷರದಲ್ಲಿ ಹಾಕಿ: ಮರಿಯ ಬಾಯಿಂದಾಗಲಿ ಗುದದ್ವಾರದಿಂದಾಗಲಿ ನೂಲು ನೇತಾಡುತ್ತಿರುವುದು ಕಂಡರೆ ಅದನ್ನು ಎಂದಿಗೂ ಎಳೆಯಬಾರದು. ಇನ್ನೊಂದು ತುದಿ ಒಳಗೆ ಸಿಕ್ಕಿಕೊಂಡಿದ್ದರೆ ಎಳೆದ ಕೈಯೇ ಕರುಳನ್ನು ಕೊಯ್ದಂತಾಗುತ್ತದೆ. ಮನೆಯಲ್ಲಿ ವಾಂತಿ ಮಾಡಿಸಲೂ ಹೋಗಬಾರದು. ನೂಲು ಕಾಣೆಯಾಗಿದೆ ಎಂಬ ಅನುಮಾನವಷ್ಟೇ ಇದ್ದರೂ, ವಾಂತಿಗೆ ಕಾಯದೆ, ಉಳಿದ ನೂಲಿನ ತುಂಡೊಂದನ್ನು ಜೊತೆಗೆ ತೆಗೆದುಕೊಂಡು ನೇರವಾಗಿ ವೈದ್ಯರಲ್ಲಿಗೆ ಹೋಗಬೇಕು. ಅಂದು ಸಂಜೆಯೇ ನಾನು ಹೋಗಿದ್ದರೆ ನೂಲು ಇನ್ನೂ ಜಠರದಲ್ಲಿರುವಾಗಲೇ, ಹೊಟ್ಟೆ ಕೊಯ್ಯದೆ, ತೆಗೆಯುವ ಸಾಧ್ಯತೆ ಇತ್ತೆಂದು ವೈದ್ಯರು ಹೇಳಿದರು.

ಉಣ್ಣೆ ತಯಾರಕರಲ್ಲಿಯೂ ನಿಮ್ಮ ಪತ್ರಿಕೆಯ ಮೂಲಕ ಒಂದು ಮನವಿ. ಪ್ರತಿ ಉಂಡೆಗೆ ಸುತ್ತಿದ ಕಾಗದದ ಪಟ್ಟಿಯಲ್ಲಿ ನಾರಿನ ಬಗೆ, ತೂಕ, ಉದ್ದ, ಕಡ್ಡಿಯ ಅಳತೆ, ಬಣ್ಣದ ಸಂಖ್ಯೆ, ಒಗೆಯುವ ವಿಧಾನ ಎಲ್ಲವೂ ಅಚ್ಚಾಗಿರುತ್ತವೆ. ‘ಸಾಕುಪ್ರಾಣಿಗಳಿಗೆ ಸಿಗದಂತೆ ಇಡಿ’ ಎಂಬ ಒಂದು ಸಾಲಿಗೆ ಅಲ್ಲಿ ಜಾಗ ಖಂಡಿತ ಇದೆ. ಆ ಪಟ್ಟಿಯ ಮೇಲೆಯೇ ನೂಲಿನೊಡನೆ ಆಡುವ ಮರಿಯ ಚಿತ್ರವನ್ನು ಅಚ್ಚು ಹಾಕಿದ್ದನ್ನೂ ನಾನು ಕಂಡಿದ್ದೇನೆ. ಅದು ನಿಲ್ಲಬೇಕು.

ಹೆಣಿಗೆಯ ಬರಹಗಳಿಗೆ ನಾಯಿಮರಿಯ ಚಿತ್ರ ಬೇಡವೆಂದು ನಾನು ಹೇಳುವುದಿಲ್ಲ. ಮುಚ್ಚಿದ ಡಬ್ಬಿಯ ಪಕ್ಕದಲ್ಲಿ, ಅರ್ಧ ಹೆಣೆದ ಕಂಬಳಿಯನ್ನು ಹೊದ್ದ ನನ್ನ ಪಾದದ ಮೇಲೆ ತಲೆಯಿಟ್ಟು ನಿದ್ರಿಸುತ್ತಿರುವ ನಮ್ಮ ಮರಿಯ ಚಿತ್ರವೊಂದನ್ನು ಈ ಪತ್ರದೊಂದಿಗೆ ಕಳುಹಿಸಿದ್ದೇನೆ. ಮುಂದಿನ ಸಲ ಅದನ್ನು ಬಳಸಿಕೊಳ್ಳಲು ನನ್ನ ಪೂರ್ಣ ಒಪ್ಪಿಗೆಯಿದೆ.

ಇಂತಿ ತಮ್ಮ ವಿಶ್ವಾಸಿ,
ಪತ್ರಿಕೆಯ ಬಹುಕಾಲದ ಓದುಗರಲ್ಲೊಬ್ಬರು