ಇರಾನಿನ ತೋಟಗಳು: ನೀರಿನ ಮಾತು ಬಿಟ್ಟುಹೋಗಿದೆ

ಮಾನ್ಯ ಸಂಪಾದಕರೇ,

ನಿಮ್ಮ ಭಾನುವಾರದ ಪುರವಣಿಯಲ್ಲಿ ಬಂದ ಇರಾನಿನ ತೋಟಗಳ ಚಿತ್ರಲೇಖನ ಓದಿದೆ. ಫೋಟೋಗಳು ಕಣ್ಣಿಗೆ ಹಬ್ಬ. ಆದರೆ ಗುಲಾಬಿ, ಸೈಪ್ರೆಸ್ ಮರ, ಬಣ್ಣದ ಗಾಜಿನ ಕಿಟಕಿಗಳೇ ಪುಟ ತುಂಬಿಕೊಂಡಿವೆ. ನೀರಿನ ಬಗ್ಗೆ ಇರುವುದು ಒಂದೇ ಸಾಲು. ನಾನು ಕೆಲಸದಲ್ಲಿದ್ದಷ್ಟು ಕಾಲ ಪೈಪು, ಇಳಿಜಾರು, ಒತ್ತಡ ಅಂತಲೇ ಓಡಾಡಿದವನು. ನಿವೃತ್ತಿಯಾದ ಮೇಲೆ ಈ ತೋಟಗಳನ್ನು ನೋಡಲೆಂದೇ ಇರಾನಿಗೆ ಹೋಗಿದ್ದೆ. ಹಾಗಾಗಿ ಬರೆಯದೆ ಇರಲಾಗಲಿಲ್ಲ.

ಕಾಶಾನ್ ಊರಿನ ಫಿನ್ ತೋಟವನ್ನೇ ತಗೊಳ್ಳಿ. ತೋಟದ ಹಿಂದೆ ಎತ್ತರದಲ್ಲಿ ಸುಲೇಮಾನಿಯೆ ಎಂಬ ಬುಗ್ಗೆ ಇದೆ. ಅದರ ನೀರನ್ನು ತೋಟಕ್ಕಿಂತ ಮೇಲೆ ಕಟ್ಟಿ ನಿಲ್ಲಿಸಿ, ಮಣ್ಣಿನ ಕೊಳವೆಗಳಲ್ಲಿ ಕೆಳಗೆ ಬಿಟ್ಟಿದ್ದಾರೆ. ನೀಲಿ ಹೆಂಚು ಹಾಸಿದ ಕಾಲುವೆಯ ಉದ್ದಕ್ಕೂ ಪುಟ್ಟ ಪುಟ್ಟ ಕಾರಂಜಿಗಳು ಏಳುತ್ತವೆ. ಕಟ್ಟಿದವರ ಹತ್ತಿರ ಪಂಪ್ ಇರಲಿಲ್ಲ. ಎತ್ತರವೇ ಒತ್ತಡ. ನಾನು ಕಾಲುವೆಯ ಅಂಚಿನಲ್ಲಿ ಕೂತು ಇಳಿಜಾರು ಎಲ್ಲಿದೆ ಅಂತ ಹುಡುಕಿದೆ. ಕಣ್ಣಿಗೆ ಕಾಣುವುದೇ ಇಲ್ಲ, ನೀರು ಮಾತ್ರ ಸಲೀಸಾಗಿ ಹರಿಯುತ್ತಿರುತ್ತದೆ. ಅಷ್ಟು ಸಣ್ಣ ಇಳಿಜಾರನ್ನು ಅಷ್ಟು ಉದ್ದಕ್ಕೆ ಹಿಡಿದಿಡುವುದು ಎಷ್ಟು ಕಷ್ಟ ಅಂತ ಆ ಕೆಲಸ ಮಾಡಿದವರಿಗೇ ಗೊತ್ತು.

ತೋಟದ ನಡುವಿನ ಮಂಟಪದ ವಿಷಯವೂ ಹೀಗೇ. ಲೇಖನದಲ್ಲಿ ಅದನ್ನು ಅಲಂಕಾರ ಎಂದಿದ್ದೀರಿ. ಫಿನ್ ತೋಟದಲ್ಲಿ ಕಾಲುವೆ ಮಂಟಪದ ಒಳಗೇ ಹಾದುಹೋಗುತ್ತದೆ. ಬೇಸಿಗೆಯಲ್ಲಿ ಕೂರಲು ಇದಕ್ಕಿಂತ ತಂಪಾದ ಜಾಗ ಬೇಕಾ? ಯಜ್ದ್ ಊರಿನ ದೌಲತಾಬಾದ್ ತೋಟದಲ್ಲಂತೂ ಮಂಟಪದ ಮೇಲೆ ಸುಮಾರು 33 ಮೀಟರ್ ಎತ್ತರದ ಗಾಳಿಗೋಪುರವೇ ಇದೆ. ಅದಕ್ಕೆ ಎಂಟು ಮುಖ. ಯಾವ ದಿಕ್ಕಿನಿಂದ ಗಾಳಿ ಬೀಸಿದರೂ ಹಿಡಿದು ಕೆಳಗೆ ತಳ್ಳುತ್ತದೆ. ಕೆಳಗಿರುವ ಕೊಳದ ಮೇಲೆ ಹಾದು ಆ ಗಾಳಿ ತಂಪಾಗುತ್ತದೆ. ಇಸ್ಫಹಾನಿನ ಚೆಹೆಲ್ ಸೊತೂನ್ ಅರಮನೆಗೆ 40 ಕಂಬ ಎಂದು ಬರೆದಿದ್ದೀರಿ. ಮುಂದಿನ ಜಗಲಿಯಲ್ಲಿ ಇರುವುದು 20 ಮರದ ಕಂಬಗಳು. ಉಳಿದ 20 ಎದುರಿನ ಕೊಳದಲ್ಲಿ ಕಾಣುವ ನೆರಳು. ಕೊಳ ಒಣಗಿದರೆ ಅರ್ಧ ಕಂಬಗಳು ಹೋದ ಹಾಗೆಯೇ, ಅಲ್ವಾ?

ಕಾಲುವೆಗಳು ಅಡ್ಡ ಹಾದು ತೋಟವನ್ನು ನಾಲ್ಕು ಭಾಗ ಮಾಡುವ ಚಹಾರ್ ಬಾಗ್ ವಿನ್ಯಾಸವನ್ನು ಸ್ವರ್ಗದ ಚಿತ್ರ ಎಂದು ವಿವರಿಸಿದ್ದೀರಿ. ಅದು ಸರಿಯೇ. ಆದರೆ ಹಾಗೆ ಕಾಲುವೆ ತೆಗೆದರೆ ಎಲ್ಲ ಪಾತಿಗೂ ನೀರು ಹತ್ತಿರವಾಗುತ್ತದೆ ಅನ್ನುವುದೂ ಅಷ್ಟೇ ನಿಜ. ಕ್ರಿಸ್ತಪೂರ್ವ 6ನೇ ಶತಮಾನದ ಪಸರ್ಗಾದೆಯಲ್ಲಿ, ಸೈರಸ್ ದೊರೆಯ ತೋಟದಲ್ಲಿ, ಕಲ್ಲಿನ ಕಾಲುವೆಗಳು ಇವತ್ತಿಗೂ ಇವೆ. ಅವುಗಳ ನಡುನಡುವೆ ಚೌಕಾಕಾರದ ಸಣ್ಣ ತೊಟ್ಟಿಗಳಿವೆ. ಹೂಳು ಇಳಿಯಲಿ ಅಂತಲೇ ಮಾಡಿರಬೇಕು ಅಂತ ನನಗನ್ನಿಸಿತು.

ಯುನೆಸ್ಕೋ 2011ರಲ್ಲಿ ಇರಾನಿನ 9 ತೋಟಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಬೆಟ್ಟದ ಬುಡದ ಅಂತರ್ಜಲವನ್ನು ನೆಲದಡಿಯ ಸುರಂಗದಲ್ಲಿ ಹರಿಸಿ ತರುವ ಖನಾತ್‌ಗಳಲ್ಲಿ 11 ಆ ಪಟ್ಟಿಗೆ ಬಂದದ್ದು 2016ರಲ್ಲಿ. ಎರಡನ್ನೂ ಬೇರೆ ಬೇರೆ ಅಂತ ನೋಡುವುದು ತಪ್ಪು. ಯಜ್ದ್, ಕೆರ್ಮಾನ್ ಕಡೆಯ ಮರುಭೂಮಿ ತೋಟಗಳು ಹಸಿರಾದದ್ದೇ ಖನಾತ್ ನೀರಿನಿಂದ. ಇವತ್ತು ಅಲ್ಲೆಲ್ಲ ಆಳದ ಬೋರ್‌ವೆಲ್‌ಗಳು ಜಾಸ್ತಿಯಾಗಿ ಅಂತರ್ಜಲ ಕುಸಿದಿದೆ, ಎಷ್ಟೋ ಖನಾತ್‌ಗಳು ಬತ್ತಿವೆ. ಇಸ್ಫಹಾನಿನ ಜಾಯಂದೆ ನದಿ ವರ್ಷದ ಹಲವು ತಿಂಗಳು ಒಣಗಿಯೇ ಇರುತ್ತದೆ. ನನಗೆ ಅತಿ ಹೆಚ್ಚು ಸಂಕಟ ಆದದ್ದು ಇದನ್ನು ನೋಡಿ. ಮಂಟಪದ ಗೋಡೆಗೆ ಬಣ್ಣ ಬಳಿದು, ಹೆಂಚು ಬದಲಾಯಿಸಿ ತೋಟ ಉಳಿಸುತ್ತೇವೆ ಅಂದರೆ ಆಗುವ ಕೆಲಸವಲ್ಲ.

ದಯವಿಟ್ಟು ಇನ್ನೊಂದು ಲೇಖನ ಹಾಕಿ. ಬುಗ್ಗೆಯಿಂದ ಹಿಡಿದು ತೋಟ ದಾಟಿದ ನೀರು ಊರಿನ ಹೊಲ ಸೇರುವವರೆಗೆ ಒಂದು ನಕ್ಷೆ ಜೊತೆಗಿರಲಿ.

ನಿಮ್ಮ ಓದುಗ,
ನಿವೃತ್ತ ನೀರು ಸರಬರಾಜು ಎಂಜಿನಿಯರ್